ಹನ್ನೆರಡು ಜನ ಎತ್ತಿದ ಮನೆ

ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್ ಬಡಾವಣೆಯ ವೆಲ್ಡಾ ಗಿಟೆನ್ಸ್‌ಗೆ ತಲೆ ಕೆಟ್ಟಿದೆ ಎಂದು ಮೊಟ್ಟಮೊದಲು ತೀರ್ಮಾನಿಸಿದವಳು ಅವಳ ಸ್ವಂತ ಮಗಳು ಮಾರ್ವಾ. ಹಾಗಂತ ಬಾಯಿ ಬಿಟ್ಟು ಹೇಳಲಿಲ್ಲ ಬಿಡಿ. ಓದಿದವಳು, ಕೌನ್ಸಿಲ್ ಆಫೀಸಿನಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತವಳು. "ಮಮ್‌ಗೆ ಸ್ವಲ್ಪ ಸಪೋರ್ಟ್ ಬೇಕಾಗಿದೆ" ಎಂದಳು. ಈ ದೇಶದಲ್ಲಿ ಯಾರನ್ನಾದರೂ ಅವರ ಮನೆಯಿಂದ ಎಬ್ಬಿಸಬೇಕಾದರೆ ಮೊದಲು ಅವರಿಗೆ ಸಪೋರ್ಟ್ ಬೇಕು ಎಂದು ನಾಲ್ಕು ಜನರ ಕಿವಿಗೆ ಹಾಕುವುದು ವಾಡಿಕೆ.

ಇದಕ್ಕೆಲ್ಲ ಕಾರಣ ಒಂದು ಪಾತ್ರೆ. ವೆಲ್ಡಾ ಒಲೆಯ ಮೇಲೆ ತೊಗರಿ ಕಾಳು ಬೇಯಲು ಇಟ್ಟು, ಪಕ್ಕದ ಮನೆಯ ಗುರ್ಮೀತ್ ಕೌರ್‌ಗೆ ಒಂದು ತಟ್ಟೆ ಅನ್ನ, ಉಪ್ಪುಮೀನು ಕೊಟ್ಟು ಬರಲು ಹೋದಳು. ಗುರ್ಮೀತ್‌ಗೆ ಮೊಣಕಾಲು ನೋವು, ವೆಲ್ಡಾಗೆ ಸೊಂಟ ನೋವು. ಎರಡು ನೋವು ಸೇರಿದರೆ ಒಂದು ಗಂಟೆ ಯಾವ ಲೆಕ್ಕ? ಕಾಳು ತಳ ಹಿಡಿಯಿತು, ಹೊಗೆ ಎದ್ದಿತು, ಸೂರಿನಲ್ಲಿದ್ದ ಅಲಾರಂ ಕಿರುಚಿತು. ತಿಂಗಳಿಗೊಮ್ಮೆ ಬರುವ ಮಾರ್ವಾ ಸರಿಯಾಗಿ ಅದೇ ಹೊತ್ತಿಗೆ ಬಂದಳು. ಅಡುಗೆ ಮಾಡುವವರ ಮನೆಯಲ್ಲಿ ಪಾತ್ರೆ ಸೀಯುತ್ತದೆ. ಮಾರ್ವಾಳ ಸೋಲಿಹಲ್ ಮನೆಯಲ್ಲಿ ಸೀಯುವುದಿಲ್ಲ, ಏಕೆಂದರೆ ಅಲ್ಲಿ ಮೈಕ್ರೋವೇವ್ ಟಿಂಗ್ ಅನ್ನುತ್ತದೆ, ಅವಳು ತಿನ್ನುತ್ತಾಳೆ.

ಮರುವಾರವೇ ಅವಳು ಸೋಲಿಹಲ್‌ನಲ್ಲಿ ಮುದುಕರಿಗಾಗಿ ಕಟ್ಟಿದ ಒಂದು ಫ್ಲ್ಯಾಟ್ ನೋಡಿ ಬಂದಳು. ತಿಳಿಹಳದಿ ಕಾರ್ಪೆಟ್, ತಿಳಿಹಳದಿ ಗೋಡೆ, ತಿಳಿಹಳದಿ ಪರದೆ. ಕೋಣೆ ಕೋಣೆಗೂ ಒಂದೊಂದು ಕೆಂಪು ದಾರ. ಬಿದ್ದರೆ ಎಳೆಯಬೇಕು; ಎಳೆದರೆ ಗೋಡೆಯೊಳಗಿಂದ ಗುರುತಿಲ್ಲದ ಯಾರೋ "ಹೇಗಿದ್ದೀರಿ?" ಎಂದು ಕೇಳುತ್ತಾರಂತೆ. ಮಾರ್ವಾ ಫೋಟೋ ತೋರಿಸಿದಾಗ ವೆಲ್ಡಾ ಕನ್ನಡಕ ಏರಿಸಿ ನೋಡಿ, "ಬಿದ್ದವಳು ಹೇಗಿರ್ತಾಳೆ? ಬಿದ್ದಿರ್ತಾಳೆ" ಎಂದಳು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಗಂಡ ಲಯನಲ್ ತೀರಿಕೊಂಡ ವರ್ಷ ವೆಲ್ಡಾ ಒಂದು ಕಾಗದಕ್ಕೆ ಸಹಿ ಹಾಕಿದ್ದಳು. ತನ್ನ ಬಗ್ಗೆ ತಾನೇ ತೀರ್ಮಾನ ಮಾಡುವ ಶಕ್ತಿ ತನಗೆ ಹೋದರೆ, ಎಲ್ಲಿರಬೇಕು ಹೇಗಿರಬೇಕು ಎಂದು ಮಗಳು ತೀರ್ಮಾನಿಸಬಹುದು ಎಂಬ ಕಾಗದ. ಆಗ ಅದು ಮಳೆಗಾಲಕ್ಕೆ ಕೊಡೆ ತೆಗೆದಿಟ್ಟಷ್ಟು ಸಾದಾ ಮಾತಾಗಿತ್ತು. ಈಗ ಡಾಕ್ಟರೊಬ್ಬ 'ಶಕ್ತಿ ಹೋಗಿದೆ' ಎಂದು ಬರೆದುಬಿಟ್ಟರೆ ಸಾಕು, ಐವತ್ತೇಳು ವರ್ಷ ಬಾಳಿದ ಮೂಲೆಮನೆ ಬಿಟ್ಟು ಅವಳು ತಿಳಿಹಳದಿಯೊಳಗೆ ಹೋಗಬೇಕು. ವೆಲ್ಡಾಗೆ ಹೆದರಿಕೆಯಾಯಿತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಮೂರು ದಿನ ಗುರ್ಮೀತ್ ಮನೆಗೂ ಹೋಗದೆ ಅಡುಗೆಮನೆಯ ಕಿಟಕಿಯ ಬಳಿ ಕೂತು, ಎದುರಿನ ಬಸ್‌ಸ್ಟಾಪಿನಲ್ಲಿ ಯಾರು ಹತ್ತುತ್ತಾರೆ, ಯಾರು ಇಳಿಯುತ್ತಾರೆ ಎಂದು ನೋಡುತ್ತಿದ್ದಳು.

ಇವಳು ಹೆದರುವ ಹೆಂಗಸಲ್ಲ, ಅದನ್ನೂ ಹೇಳಿಬಿಡುತ್ತೇನೆ. ಈಗ ಎಂಬತ್ನಾಲ್ಕು. ಬಾರ್ಬಡೋಸ್ ಎಂಬ ಅಂಗೈಯಗಲದ ದ್ವೀಪದಿಂದ ಇಪ್ಪತ್ತನೇ ವಯಸ್ಸಿನಲ್ಲಿ, 1961ರಲ್ಲಿ, ಹಡಗು ಹತ್ತಿ ಬಂದವಳು. ಇಲ್ಲಿಯ ಆಸ್ಪತ್ರೆಗೆ ಕೈಗಳು ಬೇಕಾಗಿದ್ದವು, ಅವಳಿಗೆ ಎರಡು ಇದ್ದವು. ಮೊದಲು ಹಾಸಿಗೆ ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ, ಆಮೇಲೆ ವಾರ್ಡಿನಲ್ಲಿ ಸಹಾಯಕಿಯಾಗಿ ಮೂವತ್ತೆಂಟು ವರ್ಷ ದುಡಿದಳು. ಎಷ್ಟೋ ಹೊಸ ಡಾಕ್ಟರುಗಳಿಗೆ ಸೂಜಿ ಎಲ್ಲಿ ಚುಚ್ಚಬೇಕೆಂದು ಕಣ್ಸನ್ನೆಯಲ್ಲೇ ತೋರಿಸಿ, ಹೊಗಳಿಕೆ ಅವರಿಗೇ ಬಿಟ್ಟಳು. ಯಾರೋ ರೋಗಿ ಅವಳ ಕಪ್ಪು ಕೈ ತನ್ನನ್ನು ಮುಟ್ಟಕೂಡದು ಎಂದಾಗ, "ಸರಿ, ಬೆಡ್‌ಪ್ಯಾನ್ ನೀನೇ ಹಿಡ್ಕೋ" ಎಂದು ಅದನ್ನು ಅವನ ಎದೆಯ ಮೇಲಿಟ್ಟು ಟೀ ಕುಡಿಯಲು ಹೋದವಳು.

ಮಾರ್ವಾಗೆ ಈ ಕಥೆಗಳೆಲ್ಲ ಗೊತ್ತು. ಗೊತ್ತಿಲ್ಲದೆ ಏನು, ಪ್ರತಿ ಅಕ್ಟೋಬರ್‌ನಲ್ಲಿ ಕರಿಯರ ಇತಿಹಾಸದ ತಿಂಗಳು ಬಂತೆಂದರೆ ಅವಳದೇ ಭಾಷಣ. ಬ್ಯಾಂಕಿನವರು ಕರೆಯುತ್ತಾರೆ, ಕಾಲೇಜಿನವರು ಕರೆಯುತ್ತಾರೆ. ಎರಡನೇ ಸ್ಲೈಡಿನಲ್ಲಿ ಟೋಪಿ ಹಾಕಿದ ವೆಲ್ಡಾಳ ಫೋಟೋ, ಕೆಳಗೆ 'ನಮ್ಮ ಹಿರಿಯರೇ ನಮ್ಮ ನೆನಪಿನ ಭಂಡಾರ' ಎಂಬ ಸಾಲು. ಜನ ಕಣ್ಣೊರೆಸಿಕೊಂಡು ಬಿಸ್ಕತ್ತು ತಿನ್ನುತ್ತಾರೆ. ಆ ಭಂಡಾರದ ಬಾಗಿಲು ತೆಗೆದು ಒಳಗೆ ಏನಿದೆ ಎಂದು ನೋಡಲು ಮಾತ್ರ ಮಾರ್ವಾಗೆ ಪುರಸೊತ್ತಿರಲಿಲ್ಲ. ನಾಲ್ಕು ಸಲ ಬಾರ್ಬಡೋಸ್‌ಗೆ ಹೋಗಿ ಬಂದಿದ್ದಾಳೆ, ನಾಲ್ಕು ಸಲವೂ ಸಮುದ್ರದ ದಂಡೆಯ ಹೋಟೆಲಿನಲ್ಲಿ ಉಳಿದಿದ್ದಾಳೆ. ಅಲ್ಲಿಂದ ಅಮ್ಮನಿಗೆ ತಂದುಕೊಟ್ಟದ್ದು ಫ್ರಿಜ್‌ಗೆ ಅಂಟಿಸುವ ಒಂದು ಮ್ಯಾಗ್ನೆಟ್ಟು: ಗುಲಾಬಿ ಬಣ್ಣದ ಪುಟ್ಟ ಮರದ ಮನೆ, ಎರಡು ಕಿಟಕಿ, ಚೂಪು ಚಾವಣಿ.

ಇನ್ನು ಡಾಕ್ಟರು. ಮೆಮರಿ ಕ್ಲಿನಿಕ್ಕಿನಲ್ಲಿ ವೆಲ್ಡಾಗೆ ಸಿಕ್ಕವನು ನಮ್ಮವನೇ, ಬಾಗಲಕೋಟೆಯ ಶ್ರೀಶೈಲ. ಮೂವತ್ತೇಳು ವರ್ಷ, ಹುಬ್ಬಳ್ಳಿಯಲ್ಲಿ ಎಂಬಿಬಿಎಸ್, ಇಲ್ಲಿ ವೃದ್ಧರ ಮನಸ್ಸಿನ ತಜ್ಞ. ಎಜ್‌ಬಾಸ್ಟನ್‌ನಲ್ಲಿ ಮನೆ, ಮೂವತ್ತು ವರ್ಷದ ಮಾರ್ಟ್‌ಗೇಜ್, ಹಿತ್ತಲಲ್ಲಿ ಗಾಜಿನ ಕೋಣೆ ಎಬ್ಬಿಸುವ ಯೋಚನೆ. ಹುಡುಗ ಒಳ್ಳೆಯವನೇ. ಆದರೆ ಒಳ್ಳೆಯವರ ಕೈಗೂ ಫಾರ್ಮು ಕೊಟ್ಟು ನೋಡಿ, ನಾಲ್ಕು ದಿನದಲ್ಲಿ ಅವರ ಕಣ್ಣೇ ಚೌಕವಾಗುತ್ತದೆ.

ಗಡಿಯಾರ ಬರೆಯಿರಿ ಎಂದ. ಬರೆದಳು. ಹನ್ನೊಂದು ಹತ್ತು ತೋರಿಸಿ ಎಂದ. ತೋರಿಸಿದಳು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದಾಗ, "ಮೊದಲು ನೀವು ಹೇಳಿ ಡಾಕ್ಟ್ರೇ, ತಪ್ಪಿದ್ರೆ ನಾನು ತಿದ್ತೀನಿ" ಎಂದಳು. ಅದನ್ನೂ ಅವನು ಬರೆದುಕೊಂಡ. ಆಮೇಲೆ ಪೆನ್ನು ಕೆಳಗಿಟ್ಟು, ಸುಮ್ಮನೆ ಹರಟೆಗೆ ಎಂಬಂತೆ, "ಚಿಕ್ಕವರಿದ್ದಾಗ ನಿಮ್ಮ ಮನೆ ಎಲ್ಲಿತ್ತು, ಮಿಸೆಸ್ ಗಿಟೆನ್ಸ್?" ಎಂದು ಕೇಳಿದ. ಡಾಕ್ಟರು ಹರಟೆ ಹೊಡೆಯಲು ಶುರುಮಾಡಿದರೆ ಹುಷಾರಾಗಿರಬೇಕು.

"ಚರ್ಚಿನ ಪಕ್ಕ. ಹುಣಸೆಮರದ ಕೆಳಗೆ."

ಪಕ್ಕದಲ್ಲಿ ಕೂತಿದ್ದ ಮಾರ್ವಾ ನಿಟ್ಟುಸಿರು ಬಿಟ್ಟಳು. "ಮಮ್, ಹೋದ ಕ್ರಿಸ್‌ಮಸ್‌ಗೆ ರಮ್ಮಿನ ಅಂಗಡಿ ಎದುರು ಅಂದಿದ್ದೆ. ನಾನು ಸ್ಲೈಡ್‌ನಲ್ಲೂ ಹಾಗೇ ಹಾಕಿದೀನಿ."

"ಅಲ್ಲೂ ಇತ್ತು."

"ಊರಿನ ನಲ್ಲಿ ಪಕ್ಕ ಅಂತ ಇನ್ನೊಂದ್ಸಲ ಹೇಳಿದ್ದೆ."

"ಅಲ್ಲೂ ಇತ್ತು."

ಶ್ರೀಶೈಲ ಮೆಲ್ಲನೆ ಪೆನ್ನು ಎತ್ತಿಕೊಂಡ. "ಅಂದ್ರೆ ನಿಮಗೆ ಮೂರು ಮನೆ ಇತ್ತಾ?"

"ಮೂರು ಮನೆ ಇರೋಕೆ ನಮ್ಮಪ್ಪ ಏನು ಗವರ್ನರ್ರಾ? ಕಬ್ಬು ಕಡಿಯೋನು. ಒಂದೇ ಮನೆ."

"ಒಂದೇ ಮನೆ ಮೂರು ಕಡೆ ಹೇಗಿರುತ್ತೆ?"

"ಎತ್ಕೊಂಡು ಹೋದ್ವಿ."

"ಮನೇನಾ?"

"ಮನೇನೇ. ಹನ್ನೆರಡು ಜನ, ಒಂದು ಲಾರಿ. ಬೆಳಿಗ್ಗೆ ಶುರುಮಾಡಿ ಹೊತ್ತು ಮುಳುಗೋದ್ರೊಳಗೆ ಮುಗಿಸಿದ್ವಿ. ನಾನು ಹಿಂದೆ ದೀಪದ ಗಾಜು ಹಿಡ್ಕೊಂಡು ನಡ್ಕೊಂಡು ಹೋದೆ."

ಮಾರ್ವಾ ಕಣ್ಣು ತಗ್ಗಿಸಿ ಕೈಚೀಲದಲ್ಲಿ ಟಿಶ್ಯೂ ಹುಡುಕಿದಳು. ಶ್ರೀಶೈಲ ಬರೆದ, ಬರೆದ, ಹಾಳೆ ತಿರುಗಿಸಿ ಮತ್ತೆ ಬರೆದ.

ನೀವೂ ಡಾಕ್ಟರ ಕಡೆ ಸೇರಿಕೊಳ್ಳುವ ಮುಂಚೆ ವಿಷಯ ಏನೆಂದು ಕೇಳಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮವರು ಹೇಳಿ ಹೋದರು. ಮನೆ ಎತ್ತಿ ನೋಡು ಎಂದು ಹೇಳುವ ಪ್ರಸಂಗ ಅವರಿಗೆ ಬರಲಿಲ್ಲ. ವೆಲ್ಡಾಳ ಊರಿನಲ್ಲಿ ಮಣ್ಣೆಲ್ಲ ಕಬ್ಬಿನ ತೋಟದ ಧಣಿಯದು. ಕೂಲಿಯವನಿಗೆ ಮನೆ ಸ್ವಂತದ್ದು, ನೆಲ ಬಾಡಿಗೆಯದು. ಧಣಿಗೆ ಸಿಟ್ಟು ಬಂದರೆ 'ನಿನ್ನ ಮನೆ ಎತ್ತು' ಎನ್ನುತ್ತಿದ್ದ, ಹಾಗೆಂದರೆ ನಿಜವಾಗಿಯೂ ಎತ್ತಬೇಕಿತ್ತು. ಅದಕ್ಕೇ ಮನೆಯನ್ನು ಹಲಗೆಯಲ್ಲಿ ಮಾಡಿ, ಪಾಯ ತೋಡದೆ, ಬಿಡಿ ಕಲ್ಲಿನ ಗುಪ್ಪೆಗಳ ಮೇಲೆ ಕೂರಿಸುತ್ತಿದ್ದರು. ಚಾವಣಿ ಬಿಚ್ಚಬಹುದು, ನಾಲ್ಕು ಗೋಡೆಯನ್ನು ನಾಲ್ಕು ಹಲಗೆಯಂತೆ ಕಳಚಬಹುದು, ನೆಲವನ್ನೂ ಎತ್ತಬಹುದು.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರಲ್ಲ, ವೆಲ್ಡಾಳ ಅಪ್ಪನ ಮಾತು ಮನೆ ಕೆಡಿಸಲಿಲ್ಲ, ಊರೆಲ್ಲ ಸುತ್ತಾಡಿಸಿತು. ಚರ್ಚಿನ ಪಕ್ಕ ಇದ್ದಾಗ ಐವತ್ತೈದರ ಚಂಡಮಾರುತ ಬಂದು ಚಾವಣಿ ಹಾರಿಸಿತು, ಹುಣಸೆಮರ ಉರುಳಿತು. ಉಳಿದದ್ದನ್ನು ನಲ್ಲಿಯ ಪಕ್ಕಕ್ಕೆ ಒಯ್ದರು. ಐವತ್ತೊಂಬತ್ತರಲ್ಲಿ ಕಬ್ಬಿನ ತೂಕದಲ್ಲಿ ಮೋಸ ಮಾಡುತ್ತೀರಿ ಎಂದು ಅಪ್ಪ ಮೇಸ್ತ್ರಿಯ ಮುಖಕ್ಕೇ ಹೇಳಿದ. ಮನೆ ರಮ್ಮಿನ ಅಂಗಡಿಯ ಎದುರಿಗೆ ಬಂತು. ಮನೆ ಎತ್ತುವ ದಿನ ಯಾರಿಗೂ ಕೂಲಿ ಇಲ್ಲ. ಹೊಸ ಜಾಗದಲ್ಲಿ ಆ ಮನೆಯ ಹೆಂಗಸು ಒಲೆ ಹಚ್ಚಿ ಅನ್ನ, ತೊಗರಿ ಕಾಳು ಬೇಯಿಸುತ್ತಾಳೆ. ಎತ್ತಿದವರು ಅದನ್ನು ಉಂಡೇ ಹೋಗಬೇಕು. ಉಣ್ಣದೆ ಹೋದರೆ ಮನೆ ಕೂತಿಲ್ಲ ಎಂದೇ ಲೆಕ್ಕ.

ಹದಿನೈದು ದಿನಕ್ಕೆ ಕ್ಲಿನಿಕ್ಕಿನಿಂದ ಕಾಗದ ಬಂತು. ಒಂದು ಪ್ರತಿ ವೆಲ್ಡಾಗೆ, ಒಂದು ಮಾರ್ವಾಗೆ. 'ರೋಗಿಯು ಬಾಲ್ಯದ ಮನೆ ಮೂರು ಬೇರೆ ಸ್ಥಳಗಳಲ್ಲಿ ಇತ್ತೆನ್ನುತ್ತಾರೆ. ನೆರೆಯವರು ಮನೆಯನ್ನು ಹೊತ್ತೊಯ್ದರೆಂದು ನಂಬಿದ್ದಾರೆ. ಕಾನ್‌ಫ್ಯಾಬ್ಯುಲೇಷನ್ ಇರಬಹುದು. ತೀರ್ಮಾನ ಮುಂದಿನ ಭೇಟಿಯಲ್ಲಿ.' ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿದ್ದವಳಿಗೆ ಆ ಪದ ಹೊಸದಲ್ಲ. ನೆನಪು ಹೋಗಿ ಖಾಲಿಯಾದ ಜಾಗಕ್ಕೆ ಮನಸ್ಸು ತಾನೇ ಕಥೆ ಹೊಸೆದು ತುಂಬುವುದು. ಅದು ಕಾಯಿಲೆಯೇ ಆದರೆ ನಮ್ಮೂರಿನ ಅರಳಿಕಟ್ಟೆಯ ಮೇಲೆ ಕೂರುವವರನ್ನೆಲ್ಲ ಅಡ್ಮಿಟ್ ಮಾಡಿಸಬೇಕಾಗುತ್ತದೆ, ಆ ಮಾತು ಬೇರೆ.

ಬುಧವಾರ ಚರ್ಚಿನ ಹಾಲಿನಲ್ಲಿ ಹಿರಿಯರ ಊಟ. ವೆಲ್ಡಾ ಕಾಗದವನ್ನು ಮೇಜಿನ ಮೇಲೆ ಹಾಕಿದಳು. ಎದುರಿಗೆ ಅವಳ ಊರಿನವರೇ ಇಬ್ಬರು. ಒರ್ಲೀನ್ ಬೋಯ್ಸ್, ಎಂಬತ್ತೆಂಟು, ಐವತ್ತೈದರ ಬೇಸಿಗೆಯಲ್ಲಿ ಚಂಡಮಾರುತಕ್ಕೆ ಮುಂಚೆಯೇ ಊರು ಬಿಟ್ಟವಳು. ಕಿವಿ ಮಂದ, ನಾಲಿಗೆ ಚುರುಕು. ಕ್ಲೆಮೆಂಟ್ ಇಯರ್‌ವುಡ್, ಎಂಬತ್ತಾರು, ಅರವತ್ತಮೂರರಲ್ಲಿ ಬಂದು ಮೂವತ್ತು ವರ್ಷ ಬಸ್ ಓಡಿಸಿದವನು.

"ಮನೆ ಎತ್ತೋದು ಸುಳ್ಳಂತಾ?" ಕ್ಲೆಮೆಂಟ್ ಕಾಗದ ಓದಿ ಚಮಚ ಕೆಳಗಿಟ್ಟ. "ಐವತ್ತೊಂಬತ್ತರಲ್ಲಿ ಹಿಂದಿನ ಎಡಮೂಲೆ ಹಿಡಿದದ್ದು ನಾನು. ಇವತ್ತಿಗೂ ಈ ಭುಜ ನೋಯುತ್ತೆ. ಭುಜಾನೂ ಕಥೆ ಹೊಸೀತಿದ್ಯಾ?"

"ನಿನ್ನ ಭುಜ ನೋಯೋದು ಡಾಮಿನೋ ಆಡಿ" ಎಂದಳು ಒರ್ಲೀನ್. "ಇವಳ ಮನೆ ಚರ್ಚಿನ ಪಕ್ಕ. ನಾನು ನೋಡಿದೀನಿ. ಅದು ಬಿಟ್ಟು ಬೇರೆಲ್ಲೂ ಇರಲಿಲ್ಲ."

"ನೀನು ಹೋದ ಮೇಲೆ ಎತ್ತಿದ್ರು ಕಣೇ."

"ನನ್ನ ಕೇಳದೆ?"

ವೆಲ್ಡಾ ಮೂರು ವಾರದಲ್ಲಿ ಮೊದಲ ಸಲ ನಕ್ಕಳು. ಆಮೇಲೆ ಇಬ್ಬರ ಮುಖವನ್ನೂ ನೋಡಿ, "ಗುರುವಾರ ಬನ್ನಿ ನನ್ನ ಜೊತೆ" ಎಂದಳು.

ಗುರುವಾರ ಹಿರಿಯರನ್ನು ಕರೆದೊಯ್ಯುವ ಮಿನಿಬಸ್ಸಿನಿಂದ ಮೂವರೂ ಕ್ಲಿನಿಕ್ಕಿನ ಮುಂದೆ ಇಳಿದರು. ಒಂದು ವಾಕರ್, ಎರಡು ಊರುಗೋಲು, ಭಾನುವಾರದ ಟೋಪಿಗಳು. ಕೌಂಟರಿನ ಹುಡುಗಿ ಒಬ್ಬ ರೋಗಿಗೆ ಒಬ್ಬರೇ ಜೊತೆ ಎಂದಳು. "ಹೌದಮ್ಮ, ನಾವು ಮೂವರೂ ಒಬ್ಬರಿಗೊಬ್ಬರು ಜೊತೆ" ಎಂದು ಒರ್ಲೀನ್ ವಾಕರ್ ಮುಂದೆ ನೂಕಿಕೊಂಡು ನಡೆದಳು. ಆಗಲೇ ಒಳಗೆ ಕೂತಿದ್ದ ಮಾರ್ವಾ ಎದ್ದು ನಿಂತಳು. "ಮಮ್, ಇದೇನಿದು? ಇದು ಅಪಾಯಿಂಟ್‌ಮೆಂಟ್."

"ಗೊತ್ತು. ಭಂಡಾರದಿಂದ ಇನ್ನಿಬ್ಬರನ್ನ ಕರ್ಕೊಂಡು ಬಂದೆ. ನಿನ್ನ ಭಾಷಣಕ್ಕೂ ಬೇಕಾಗುತ್ತೆ."

ಶ್ರೀಶೈಲ ಕುರ್ಚಿ ತರಿಸಿದ. ವೆಲ್ಡಾ ತನ್ನ ಮಾತ್ರೆಯ ಡಬ್ಬಿ ತೆಗೆದು ಅವನ ಮೇಜಿನ ಮೇಲಿಟ್ಟಳು. ಅದೇ ಮನೆ. ಅವನ ಸ್ಟೆತಸ್ಕೋಪ್ ದಾರಿ, ಟೀ ಮಗ್ಗು ಚರ್ಚು, ಸ್ಟೇಪ್ಲರ್ ಊರಿನ ನಲ್ಲಿ, ಕೈ ತೊಳೆಯುವ ಜೆಲ್ಲಿನ ಬಾಟಲಿ ರಮ್ಮಿನ ಅಂಗಡಿ. "ಐವತ್ತೈದು" ಎಂದಳು. ಒರ್ಲೀನ್ ಡಬ್ಬಿಯನ್ನು ಮಗ್ಗಿನ ಪಕ್ಕಕ್ಕಿಟ್ಟು ಅದರ ಮೇಲೆ ಕೈ ಇಟ್ಟುಕೊಂಡೇ ಕೂತಳು. ಅವಳ ಬೆರಳು ಬಿಡಿಸಿ ವೆಲ್ಡಾ ಅದನ್ನು ಸ್ಟೇಪ್ಲರ್ ಹತ್ತಿರಕ್ಕೆ ತಂದಳು. ಐವತ್ತೊಂಬತ್ತು ಎಂದಾಗ ಕ್ಲೆಮೆಂಟ್ ಎದ್ದು, ಡಬ್ಬಿಯ ಹಿಂದಿನ ಎಡಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು, ಬಾಟಲಿಯ ಎದುರಿಗೆ ಸಾಗಿಸಿದ.

ಡಾಕ್ಟರ ಮುಖದಲ್ಲಿ ಸಹನೆಯ ನಗು ಇತ್ತು. ಸಣ್ಣ ಮಕ್ಕಳ ಆಟ ನೋಡುವವರ ಮುಖದಲ್ಲಿ ಇರುವಂಥದ್ದು. ವೆಲ್ಡಾಗೆ ಮೈ ಉರಿಯಿತು.

"ಡಾಕ್ಟ್ರೇ, ನಿಮ್ಮ ಮನೆ ಎಲ್ಲಿತ್ತು? ಚಿಕ್ಕವರಿದ್ದಾಗ?"

"ಇಂಡಿಯಾದಲ್ಲಿ. ಬಾಗಲಕೋಟೆ ಅಂತ."

"ಊರು ಕೇಳಲಿಲ್ಲ. ಊರೊಳಗೆ ಎಲ್ಲಿ?"

"ಹೊಳೆ ಕಡೆ ಓಣೀಲಿ. ಅಂದ್ರೆ, ಅದು ಹಳೇ ಊರಲ್ಲಿ. ಈಗ ಮನೆ ನವನಗರದಲ್ಲಿದೆ."

"ಯಾವುದು ನಿಮ್ಮ ಮನೆ?"

"ಎರಡೂ."

"ಬರ್ಕೊಳಮ್ಮ ಮಾರ್ವಾ" ಎಂದಳು ಒರ್ಲೀನ್. "ಹಳೇದು ಈಗೆಲ್ಲಿದೆ ಕೇಳು."

"ನೀರಿನೊಳಗಿದೆ" ಎಂದ ಶ್ರೀಶೈಲ.

ಕ್ಲೆಮೆಂಟ್ ವೆಲ್ಡಾಳ ಕಡೆ ತಿರುಗಿ, ತುಂಬ ಮರುಕದಿಂದ, "ಪಾಪ, ಮನೆ ನೀರಿನೊಳಗಿದೆ ಅಂತಾನೆ. ಇವನ ಕೈಲೂ ಒಂದು ಗಡಿಯಾರ ಬರೆಸೋಣ್ವಾ?" ಎಂದ.

ನಗಬೇಕಾದ ಶ್ರೀಶೈಲ ನಗಲಿಲ್ಲ. ಅವನಿಗೆ ಹನ್ನೆರಡು ವರ್ಷವಿದ್ದಾಗ ಅಣೆಕಟ್ಟಿನ ಹಿನ್ನೀರು ಓಣಿಗೆ ಏರಿತ್ತು. ಅಜ್ಜಿ ಬಸಮ್ಮ ತಲಬಾಗಿಲು ಬಿಟ್ಟು ಬರುವುದಿಲ್ಲ ಎಂದು ಹೊಸ್ತಿಲ ಮೇಲೆ ಕೂತಳು. "ಬಾಗಲಾ ಇಲ್ಲದ ಮನೀಗೆ ನಾ ಹ್ಯಾಂಗ ಬರ್ಲೋ?" ಕೊನೆಗೆ ಓಣಿಯ ಗಂಡಸರೆಲ್ಲ ಸೇರಿ ಗೋಡೆ ಒಡೆದು, ಚೌಕಟ್ಟಿನ ಸಮೇತ ಬಾಗಿಲು ಬಿಡಿಸಿ, ತೊಲೆಗಳನ್ನೂ ಇಳಿಸಿ, ಟ್ರ್ಯಾಕ್ಟರಿಗೆ ಹೇರಿದರು. ಆ ಬಾಗಿಲ ಮೇಲೆ ಕೂತುಕೊಂಡೇ ಅವನು ಹೊಸ ಊರಿಗೆ ಹೋಗಿದ್ದ. ಈ ಸಂಗತಿಯನ್ನು ಅವನು ಮರೆತು ಎಷ್ಟು ವರ್ಷವಾಗಿತ್ತೋ ಅವನಿಗೇ ಗೊತ್ತಿಲ್ಲ. ಮರೆವಿನ ತಜ್ಞ ತಾನೇ.

"ಬಾಗಿಲು ತಂದ್ವಿ" ಎಂದ ಅವನು, ಯಾರನ್ನೂ ನೋಡದೆ. "ತೊಲೆನೂ ತಂದ್ವಿ. ನಮ್ಮಜ್ಜಿ ಬಿಡಲಿಲ್ಲ."

"ಯಾರು ಹೊತ್ತದ್ದು?" ವೆಲ್ಡಾಳ ದನಿ ಮೆತ್ತಗಾಗಿತ್ತು.

"ಓಣಿಯವರು."

"ಉಂಡು ಹೋದ್ರಾ?"

"ಹ್ಞೂಂ. ಜೋಳದ ರೊಟ್ಟಿ."

"ಹಾಗಾದ್ರೆ ಸರಿ" ಎಂದು ಅವಳು ಮಾತ್ರೆಯ ಡಬ್ಬಿ ಎತ್ತಿಕೊಳ್ಳಲು ಕೈ ಚಾಚಿದಳು. ಅಷ್ಟರಲ್ಲಿ ಕ್ಲೆಮೆಂಟ್ ಡಬ್ಬಿಯ ಮೇಲೆ ಕೈ ಇಟ್ಟ.

"ತಡಿ, ಮಿಸ್ ವೆಲ್ಡಾ. ಇನ್ನೊಂದು ಸಲ ಎತ್ತಿದ್ವಿ."

"ಯಾವಾಗ?"

"ಅರವತ್ತೆರಡು. ನೀನು ಬಂದ ಮುಂದಿನ ವರ್ಷ." ಕ್ಲೆಮೆಂಟ್ ಡಬ್ಬಿಯನ್ನು ಮೆಲ್ಲಗೆ ತಳ್ಳುತ್ತ, ಚರ್ಚು, ನಲ್ಲಿ, ಅಂಗಡಿ ಎಲ್ಲ ದಾಟಿಸಿ, ಸ್ಟೆತಸ್ಕೋಪಿನ ಪಕ್ಕ, ಮೇಜಿನ ಅಂಚಿಗೆ ತಂದು ನಿಲ್ಲಿಸಿದ. "ಬಸ್ ರಸ್ತೆಗೆ. ಆ ಸಲ ಯಾರೂ ಎತ್ತು ಅಂದಿರಲಿಲ್ಲ. ನಿಮ್ಮಪ್ಪನೇ ಕೇಳಿಕೊಂಡ. ಮಗಳು ವಾಪಸ್ ಬಂದಾಗ ಬಸ್ಸಿಂದ ಇಳಿದ ಕೂಡ್ಲೇ ಮನೆ ಕಾಣ್ಬೇಕು, ಊರೆಲ್ಲ ಹುಡುಕೋ ಹಾಗೆ ಆಗಬಾರದು ಅಂದ."

ವೆಲ್ಡಾಳ ಅಪ್ಪನಿಗೆ ಬರೆಯಲು ಬರುತ್ತಿರಲಿಲ್ಲ. ಶಾಲೆಯ ಮೇಷ್ಟ್ರು ಬರೆದುಕೊಡುತ್ತಿದ್ದ ಕಾಗದಗಳಲ್ಲಿ ಯಾವಾಗಲೂ ಎಲ್ಲರೂ ಕ್ಷೇಮ ಎಂದಿರುತ್ತಿತ್ತು. ಅವನು ತೀರಿಕೊಂಡದ್ದು ಅರವತ್ತಾರರಲ್ಲಿ. ಅವಳಿಗೆ ಮೊದಲ ಸಲ ಊರಿಗೆ ಹೋಗಲು ಆದದ್ದು ಎಪ್ಪತ್ತನಾಲ್ಕರಲ್ಲಿ. ಅಷ್ಟರಲ್ಲಿ ಆ ಹಲಗೆಗಳು ಯಾರದೋ ಕೋಳಿಗೂಡಾಗಿದ್ದವು.

"ಇಪ್ಪತ್ತು ವರ್ಷದಿಂದ ಪ್ರತಿ ಬುಧವಾರ ನನ್ನ ಪಕ್ಕ ಕೂತು ಉಣ್ತೀಯ, ಕ್ಲೆಮೆಂಟ್."

"ಹೇಳಿದ್ರೆ ಅಳ್ತೀಯ. ಅಳೋರ ಪಕ್ಕ ಕೂತು ನನಗೆ ಊಟ ಸೇರಲ್ಲ."

ಅವಳು ಅತ್ತಳು. ಹೆಚ್ಚಲ್ಲ, ಟೋಪಿ ಸರಿಮಾಡಿಕೊಳ್ಳುವಷ್ಟು ಹೊತ್ತು. ಮಾರ್ವಾ ಕೈಯಲ್ಲಿ ಟಿಶ್ಯೂ ಹಿಡಿದುಕೊಂಡು, ಕೊಡಬೇಕೋ ಬೇಡವೋ ತಿಳಿಯದೆ ನಿಂತಿದ್ದಳು. ಶ್ರೀಶೈಲ ಮೆಲ್ಲನೆ ಕೇಳಿದ: "ಬಸ್ ರಸ್ತೆಯಲ್ಲಿ ಆ ಮನೆ ಹೇಗಿತ್ತು, ಮಿಸೆಸ್ ಗಿಟೆನ್ಸ್? ನಿಮಗೆ ಏನು ನೆನಪಿದೆ?"

"ನನಗೇನು ಗೊತ್ತು? ನಾನು ನೋಡಿಲ್ವಲ್ಲ."

ಅವನು ಅವಳನ್ನೇ ನೋಡಿದ. ತುಂಬಿಕೊಳ್ಳಲು ಅಷ್ಟು ದೊಡ್ಡ ಖಾಲಿ ಜಾಗ ಎದುರಿಗೆ ಬಿದ್ದಿದೆ, ಕಥೆ ಹೊಸೆಯುವವರಾಗಿದ್ದರೆ ಇಷ್ಟು ಹೊತ್ತಿಗೆ ಕಿಟಕಿಗೆ ಪರದೆ ಹಾಕಿ, ಅಂಗಳದಲ್ಲಿ ಹೂಗಿಡ ನೆಟ್ಟು, ಅಪ್ಪನನ್ನು ಬಾಗಿಲಲ್ಲಿ ನಿಲ್ಲಿಸಿರುತ್ತಿದ್ದರು. ಈ ಹೆಂಗಸು ತನಗೆ ಆ ಮನೆ ಅಷ್ಟು ಬೇಕಾಗಿದ್ದರೂ ಆ ಜಾಗವನ್ನು ಖಾಲಿಯೇ ಬಿಟ್ಟಿದ್ದಳು. ಅವನು ಹಳೆಯ ಹಾಳೆಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ ಹೊಸದರಲ್ಲಿ ಬರೆದ: 'ನೆನಪು ಸರಿಯಾಗಿದೆ. ಎಲ್ಲಿ ಇರಬೇಕೆಂದು ತೀರ್ಮಾನಿಸುವ ಶಕ್ತಿ ರೋಗಿಗೆ ಪೂರ್ತಿಯಾಗಿ ಇದೆ. ಪರೀಕ್ಷಿಸಿದವನಿಗೆ ಅವರ ಊರಿನ ಮನೆಗಳ ಪರಿಚಯ ಇರಲಿಲ್ಲ.' ಕೊನೆಯ ಸಾಲನ್ನು ಯಾವ ಫಾರ್ಮೂ ಕೇಳಿರಲಿಲ್ಲ. ಅಷ್ಟರ ಮಟ್ಟಿಗೆ ಬಸಮ್ಮನ ಮೊಮ್ಮಗ ಮರ್ಯಾದೆ ಉಳಿಸಿಕೊಂಡ.

ಮಾರ್ವಾ ಅಮ್ಮನನ್ನು ಕಾರಿನಲ್ಲಿ ಮನೆಗೆ ಕರೆತಂದಳು. ಅಡುಗೆಮನೆಗೆ ಬಂದು ಕೂತ ಮೇಲೆ ಅವಳೇ ಬಾಯಿ ತೆರೆದಳು. "ಮಮ್, ಆ ಫ್ಲ್ಯಾಟ್ ಶುಕ್ರವಾರದ ತನಕ ಹಿಡಿದಿಟ್ಟಿರ್ತಾರೆ. ಡಾಕ್ಟರ್ ಏನಾದ್ರೂ ಬರೀಲಿ. ಆ ದಿನ ಹೊಗೆ ನೋಡಿ ನನ್ನ ಜೀವ ಹೋಗಿ ಬಂತು. ನೀನಾಗಿ ಬಂದ್ರೆ ನನಗೂ ನಿದ್ದೆ ಬರುತ್ತೆ."

ಅದು ಸುಳ್ಳಲ್ಲ ಎಂದು ವೆಲ್ಡಾಗೂ ಕಂಡಿತು. ತೊಗರಿ ಕಾಳು ತೊಳೆಯುತ್ತ ಹೇಳಿದಳು: "ಬರ್ತೀನಿ. ಮೂರು ಸಲ ಎತ್ತಿದ ಮನೆಯವಳಿಗೆ ಇನ್ನೊಂದ್ಸಲ ಏನು ಮಹಾ? ಆದ್ರೆ ನಮ್ಮ ಕಡೆ ಪದ್ಧತಿ ಗೊತ್ತಲ್ಲ. ಹನ್ನೆರಡು ಜನ ಬೇಕು. ಎಲ್ಲಿಗೆ ಹೋಗ್ತೀವೋ ಅಲ್ಲಿಯವರು. ಬಂದು ಎತ್ತಲಿ, ನಾನು ಬೇಯಿಸಿ ಹಾಕ್ತೀನಿ. ನಿನ್ನ ಬೀದಿಯಿಂದ ಹನ್ನೆರಡು ಜನರ ಹೆಸರು ಹೇಳು, ನಾಳೆನೇ ಬರ್ತೀನಿ."

ಮಾರ್ವಾ ಸೋಲಿಹಲ್‌ನ ಆ ಬೀದಿಗೆ ಬಂದು ಹತ್ತೊಂಬತ್ತು ವರ್ಷ. ಬೆರಳು ಮಡಚಲು ಶುರುಮಾಡಿದಳು. ಎಡಗಡೆ ಮನೆಯ ಹೆಲೆನ್. ಎದುರು ಮನೆಯ, ಅವರು, ಬಿಳಿ ವ್ಯಾನಿನವರು. ಬಲಗಡೆ ಮನೆಯವರ ಹೆಸರು ನಾಲಿಗೆ ತುದಿಯಲ್ಲೇ ಇತ್ತು. ಕೊನೆಗೆ ಮೂರನೇ ಬೆರಳು ಮಡಚಿ, "ಬಿಸ್ಕಿಟ್" ಎಂದಳು.

"ಅದು ಯಾರು?"

"ಹೆಲೆನ್ ನಾಯಿ."

"ನಾಯಿ ಭಾರ ಎತ್ತಲ್ಲ" ಎಂದಳು ವೆಲ್ಡಾ. ಕಾಳನ್ನು ಒಲೆಯ ಮೇಲಿಟ್ಟು ಉರಿ ಸಣ್ಣ ಮಾಡಿದಳು.

ಮಾರ್ವಾ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಆಮೇಲೆ ಫೋನ್ ತೆಗೆದು ಫ್ಲ್ಯಾಟಿನವರಿಗೆ ಬೇಡ ಎಂದು ಬರೆದಳು. ಬರೆದು, ತಲೆ ಎತ್ತದೆ, "ಮಮ್, ನೀನು ದೀಪದ ಗಾಜು ಹಿಡ್ಕೊಂಡು ನಡೆದೆ ಅಂದ್ಯಲ್ಲ, ಯಾವ ಸಲ ಅದು?" ಎಂದು ಕೇಳಿದಳು. ತನ್ನ ಐವತ್ತೊಂಬತ್ತು ವರ್ಷದ ಬದುಕಿನಲ್ಲಿ ಮೊದಲ ಸಲ ಕೇಳಿದ ಪ್ರಶ್ನೆ, ಎದುರಿಗೆ ಸ್ಲೈಡೂ ಇರಲಿಲ್ಲ.

"ಹೇಳ್ತೀನಿ. ಮೊದಲು ಈ ತಟ್ಟೆ ಗುರ್ಮೀತ್‌ಗೆ ಕೊಟ್ಟು ಬಾ. ಬೇಗ ಬಾ, ಕಾಳು ಸೀದ್ರೆ ನಿನ್ನನ್ನೇ ಕ್ಲಿನಿಕ್ಕಿಗೆ ಕಳಿಸ್ತೀನಿ."

ಮಗಳು ಹೋದ ಮೇಲೆ ವೆಲ್ಡಾ ಫ್ರಿಜ್ಜಿನ ಮುಂದೆ ನಿಂತಳು. ಬಾಗಿಲಿನ ನಟ್ಟನಡುವೆ ಕರೆಂಟ್ ಬಿಲ್ಲನ್ನು ಹಿಡಿದುಕೊಂಡಿದ್ದ ಗುಲಾಬಿ ಮನೆಯನ್ನು ಎರಡು ಬೆರಳಲ್ಲಿ ಎತ್ತಿದಳು. ಬಿಲ್ಲು ಕೆಳಗೆ ಬಿತ್ತು, ಬೀಳಲಿ ಎಂದು ಬಿಟ್ಟಳು. ಮನೆಯನ್ನು ಫ್ರಿಜ್ಜಿನ ಅಂಚಿಗೆ, ಕಿಟಕಿಯ ಕಡೆಗೆ ಒಯ್ದು ಅಂಟಿಸಿದಳು. ಹೊರಗೆ ಬಸ್ಸು ಬಂದು ನಿಂತಿತು, ಯಾರೋ ಇಳಿಯುತ್ತಿದ್ದರು.